ಬಾಟಲಿ ತಿರುಗಿಸಿ, ಹಿಂದಿನ ಚೀಟಿ ಓದಿ

ಬೆಂಗಳೂರಿನಲ್ಲಿ ‘ವೈನ್ ಶಾಪ್’ ಅಂದರೆ ಬ್ರಾಂದಿ ಅಂಗಡಿ. ಬೋರ್ಡಿನಲ್ಲಿ ‘ವೈನ್ಸ್’ ಅಂತ ದಪ್ಪಕ್ಷರದಲ್ಲಿ ಇರುತ್ತದೆ, ಒಳಗೆ ವಿಸ್ಕಿ, ರಮ್ಮು, ಬಿಯರಿನದೇ ಕಾರುಬಾರು. ದ್ರಾಕ್ಷಿಯ ವೈನು ಮೇಲಿನ ಹಲಗೆಯಲ್ಲಿ, ಟ್ಯೂಬ್‌ಲೈಟಿನ ಪಕ್ಕ ಧೂಳು ಹಿಡಿದು ನಿಂತಿರುತ್ತದೆ. ಇಂಥ ಊರಿನ ಒಂದಷ್ಟು ಹೋಟೆಲುಗಳ ಪಟ್ಟಿಯಲ್ಲಿ ಈಗ ಇಟಲಿಯ ಎಟ್ನಾ ಬೆಟ್ಟದ ನೆರೆಲ್ಲೊ ಮಸ್ಕಲೇಸೆ, ಫ್ರಾನ್ಸಿನ ಲ್ವಾರ್ ಕಣಿವೆಯ ಶೆನಿನ್ ಬ್ಲಾಂ, ಆಸ್ಟ್ರಿಯಾದ ಗ್ರೂನರ್ ವೆಲ್ಟ್‌ಲೀನರ್, ಜಾರ್ಜಿಯಾದಲ್ಲಿ ಮಣ್ಣಿನ ಹಂಡೆಯನ್ನು ನೆಲದಲ್ಲಿ ಹೂತು ಮಾಡುವ ಕ್ವೆವ್ರಿ ವೈನು ಕಾಣುತ್ತವೆ. ಇವು ಬಹುಮಟ್ಟಿಗೆ ಸಣ್ಣ ಆಮದುದಾರರ ಕೆಲಸ. ಮೂರ್ನಾಲ್ಕು ಜನರ ಕಚೇರಿ, ಮೂವತ್ತು ನಲವತ್ತು ಲೇಬಲ್, ವರ್ಷಕ್ಕೆ ಒಂದೆರಡು ಕಂಟೇನರ್. ಅವರು ಯಾರು ಅಂತ ಮುಂದಿನ ಚಂದದ ಲೇಬಲ್ ಹೇಳುವುದಿಲ್ಲ. ಹಿಂಬದಿಯ ಬಿಳಿ ಚೀಟಿ ಹೇಳುತ್ತದೆ.

ಮೊದಲು ದುಡ್ಡಿನ ಲೆಕ್ಕ. ವೈನಿನ ಮೇಲಿನ ಸಾಮಾನ್ಯ ಆಮದು ಸುಂಕ 150 ಪ್ರತಿಶತ. 2021ರ ಬಜೆಟ್ಟಿನಲ್ಲಿ ಅದನ್ನು 50 ಮೂಲ ಸುಂಕ, 100 ಕೃಷಿ ಮೂಲಸೌಕರ್ಯ ಸೆಸ್ ಎಂದು ಒಡೆದರು, ಒಟ್ಟು ಬದಲಾಗಲಿಲ್ಲ. ಕುಡಿಯುವ ಮದ್ಯ ಜಿಎಸ್‌ಟಿಯ ಹೊರಗಿದೆ, ಹಾಗಾಗಿ ಬೇರೆ ಆಮದು ಸರಕಿನ ಮೇಲೆ ಬೀಳುವ ಐಜಿಎಸ್‌ಟಿ ಇಲ್ಲಿ ಬರುವುದಿಲ್ಲ. ಜನ ಮರೆಯುವ ಸಂಗತಿ ಬೇರೆ: ಸುಂಕ ಬೀಳುವುದು ಬಾಟಲಿಯ ಬೆಲೆಯ ಮೇಲಲ್ಲ, ಬೆಲೆ, ಹಡಗಿನ ಬಾಡಿಗೆ, ವಿಮೆ ಮೂರೂ ಸೇರಿದ ಮೊತ್ತದ ಮೇಲೆ. ಉದಾಹರಣೆಗೆ ಬಾಟಲಿ 800 ರೂಪಾಯಿ, ಸಾಗಣೆ ಮತ್ತು ವಿಮೆ 200 ಅಂತಿಟ್ಟುಕೊಳ್ಳಿ. 1,000ದ ಮೇಲೆ 1,500 ಸುಂಕ, ಬಂದರು ದಾಟುವಾಗ 2,500. ಆ 200 ರೂಪಾಯಿ ಸಾಗಣೆಯೇ 500 ಆಗಿ ಕೂತಿರುತ್ತದೆ. ಸಣ್ಣವರಿಗೆ ಪೂರ್ತಿ ಕಂಟೇನರ್ ತುಂಬುವುದಿಲ್ಲ, ಇನ್ನೊಬ್ಬರ ಸರಕಿನ ಜೊತೆ ಒಂದೆರಡು ಪ್ಯಾಲೆಟ್ ಸೇರಿಸುತ್ತಾರೆ (ಪ್ಯಾಲೆಟ್ ಅಂದರೆ ಪೆಟ್ಟಿಗೆ ಪೇರಿಸುವ ಮರದ ಹಲಗೆ, ಒಂದಕ್ಕೆ ಸುಮಾರು 600 ಬಾಟಲಿ). ಅಲ್ಲಿ ಬಾಟಲಿಗೆ ಬೀಳುವ ಬಾಡಿಗೆ 60 ರೂಪಾಯಿ ಹೆಚ್ಚಾದರೆ ಇಲ್ಲಿ 150 ಹೆಚ್ಚಾಗುತ್ತದೆ.

ಇದರ ಮೇಲೆ ಲೇಬಲ್ ಲೆಕ್ಕದ ಖರ್ಚು. ರಾಜ್ಯದಲ್ಲಿ ಮಾರಬೇಕಾದರೆ ಪ್ರತಿ ಲೇಬಲ್ಲಿಗೂ ಅಬಕಾರಿ ಇಲಾಖೆಯ ಅನುಮೋದನೆ ಬೇಕು, ಅದೂ ವರ್ಷವರ್ಷ. ಎಲ್ಲ ಸೇರಿ ಒಂದು ಲೇಬಲ್ಲಿಗೆ 40,000 ರೂಪಾಯಿ ಸ್ಥಿರ ಖರ್ಚು ಎಂದು ಹಿಡಿಯಿರಿ (ಇದು ಲೆಕ್ಕಕ್ಕೆ ಇಟ್ಟುಕೊಂಡ ಸಂಖ್ಯೆ). 1,200 ಬಾಟಲಿ ತಂದವರಿಗೆ ತಲಾ 33 ರೂಪಾಯಿ, 120 ತಂದವರಿಗೆ 333. ಆಹಾರ ಸುರಕ್ಷತಾ ಪರೀಕ್ಷೆಗೆ ಪ್ರತಿ ಲೇಬಲ್ಲಿನಿಂದ ಎರಡು ಮಾದರಿ ತೆಗೆಯುತ್ತಾರೆ. 6,000ದಲ್ಲಿ ಎರಡು ಹೋದರೆ ಗೊತ್ತೂ ಆಗುವುದಿಲ್ಲ, 60ರಲ್ಲಿ ಎರಡು ಹೋದರೆ ಚುರುಕ್ ಅನ್ನುತ್ತದೆ. ಹೀಗಾಗಿ ತೀರಾ ಅಗ್ಗದ ವೈನು ತರುವುದು ಸಣ್ಣವರಿಗೆ ಕಟ್ಟುವುದೇ ಇಲ್ಲ. ಯುರೋಪಿನಲ್ಲಿ ಮೂರು ಯೂರೋ ಬೆಲೆಯ ಬಾಟಲಿಗೂ ಹನ್ನೆರಡು ಯೂರೋ ಬಾಟಲಿಗೂ ಸ್ಥಿರ ಖರ್ಚು ಒಂದೇ. ನಡುಬೆಲೆಯ, ಸಣ್ಣ ಬೆಳೆಗಾರರ ವೈನೇ ಅವರ ಜಾಗ. ಅದು ಅವರ ರುಚಿಯ ಹೆಚ್ಚುಗಾರಿಕೆ ಅಂತ ನಾವು ಹೊಗಳುತ್ತೇವೆ, ಅರ್ಧ ಕಾರಣ ಈ ಗುಣಾಕಾರ ಭಾಗಾಕಾರ.

ಆಸ್ಟ್ರೇಲಿಯಾದ ವೈನಿಗೆ ಲೆಕ್ಕ ಬೇರೆ. 2022ರ ಡಿಸೆಂಬರ್ 29ರಂದು ಜಾರಿಗೆ ಬಂದ ಭಾರತ-ಆಸ್ಟ್ರೇಲಿಯಾ ವ್ಯಾಪಾರ ಒಪ್ಪಂದದಲ್ಲಿ 750 ಮಿಲಿ ಬಾಟಲಿಯ ಬೆಲೆ, ಸಾಗಣೆ ಮತ್ತು ವಿಮೆ ಸೇರಿ 5 ಅಮೆರಿಕನ್ ಡಾಲರ್ ಮುಟ್ಟಿದರೆ ಸುಂಕ 100ಕ್ಕೆ ಇಳಿಯಿತು, 15 ಡಾಲರ್ ಮುಟ್ಟಿದರೆ 75ಕ್ಕೆ. ಹತ್ತು ವರ್ಷದಲ್ಲಿ ಇವು ಹಂತ ಹಂತವಾಗಿ 50 ಮತ್ತು 25ಕ್ಕೆ ಬರಬೇಕು. ಇದರಲ್ಲೊಂದು ತಮಾಷೆ ಇದೆ. 4.80 ಡಾಲರಿನ ಬಾಟಲಿಗೆ 150 ಪ್ರತಿಶತ ಬಿದ್ದು 12 ಡಾಲರ್ ಆಗುತ್ತದೆ. ಅದನ್ನೇ ತಂಪು ಕಂಟೇನರಿನಲ್ಲಿ ತರಿಸಿ 5.10 ಆದರೆ, ಮೊದಲ ಹಂತದ 100ರ ದರದಲ್ಲೂ 10.20ಕ್ಕೆ ನಿಲ್ಲುತ್ತದೆ. ಒಳ್ಳೆಯ ಸಾಗಣೆಗೆ ಖರ್ಚು ಮಾಡಿದವರೇ ಗೆಲ್ಲುವ ಅಪರೂಪದ ಜಾಗ ಇದು. ಮೂಲದೇಶದ ಪ್ರಮಾಣಪತ್ರ ಕೈಯಲ್ಲಿರಬೇಕು. ದರ ಯಾವ ಹಂತದಲ್ಲಿದೆ ಅಂತ ಬಿಲ್ ಆಫ್ ಎಂಟ್ರಿ (ಕಸ್ಟಮ್ಸಿಗೆ ಕೊಡುವ ಆಮದು ಪತ್ರ) ಹಾಕುವ ದಿನ ನೋಡಬೇಕು, ಆರ್ಡರ್ ಕೊಟ್ಟ ದಿನವಲ್ಲ.

ಇನ್ನು ಬಿಸಿಲು. ನಗರಕ್ಕೆ ಬರುವ ವೈನು ಕೆಡುವುದು ಹೆಚ್ಚಾಗಿ ದಾರಿಯಲ್ಲೇ. ಕಾರ್ಕಿನ ಕೆಳಗೆ ಇರುವ ಖಾಲಿ ಜಾಗ ಒಂದು ಟೀ ಚಮಚದಷ್ಟು. 40 ಡಿಗ್ರಿ ತಲುಪಿದರೆ ವೈನು ಹಿಗ್ಗಿ ಆ ಜಾಗವನ್ನು ಹಿಂಡುತ್ತದೆ, ಕಾರ್ಕ್ ಮೇಲಕ್ಕೆ ಬರುತ್ತದೆ, ಅಂಚಿನಲ್ಲಿ ವೈನು ಜಿನುಗುತ್ತದೆ. ರಾತ್ರಿ ತಂಪಾದಾಗ ಕುಗ್ಗಿ ಹೊರಗಿನ ಗಾಳಿ ಎಳೆದುಕೊಳ್ಳುತ್ತದೆ. ನಾಲ್ಕು ದಿನ ಹೀಗಾದರೆ ಹಣ್ಣಿನ ವಾಸನೆ ಹೋಗಿ ಬೇಯಿಸಿದ ಜಾಮಿನ ವಾಸನೆ ಉಳಿಯುತ್ತದೆ. ಗಂಧಕ ಕಡಿಮೆ ಹಾಕಿದ ‘ನ್ಯಾಚುರಲ್’ ವೈನುಗಳಿಗೆ ಇನ್ನೂ ಬೇಗ, ಕೆಲವು ಬಾಟಲಿಯೊಳಗೇ ಮತ್ತೆ ಹುದುಗಲು ಶುರುಮಾಡುತ್ತವೆ. ಮಾಮೂಲಿ ಕಂಟೇನರ್ ಡೆಕ್ಕಿನ ಮೇಲೆ ಬಿಸಿಲಿಗೆ ಸಿಕ್ಕರೆ ಒಳಚಾವಣಿಯ ಹತ್ತಿರ 50 ಡಿಗ್ರಿ ದಾಟುವುದುಂಟು. ಆದ್ದರಿಂದ ರೀಫರ್, ಅಂದರೆ ತಂಪು ಕಂಟೇನರ್ ತೆಗೆದುಕೊಂಡು 14 ಡಿಗ್ರಿಗೆ ಇಟ್ಟು, ಹೊರಗಾಳಿಯ ಕಿಂಡಿ ಮುಚ್ಚಿಸಬೇಕು. ಬಾಡಿಗೆಗೆ ಹೆದರಿ ಒಳಗೆ ಉಷ್ಣನಿರೋಧಕ ಹೊದಿಕೆ ಮಾತ್ರ ಹಾಕುವವರಿದ್ದಾರೆ. ಹೊದಿಕೆ ಹಗಲು ರಾತ್ರಿಯ ಏರಿಳಿತ ತಗ್ಗಿಸುತ್ತದೆ, ಬಂದರಿನಲ್ಲಿ ಹತ್ತು ದಿನ ನಿಂತ ಪೆಟ್ಟಿಗೆಯನ್ನು ಕಾಯುವುದಿಲ್ಲ.

ಉಷ್ಣತೆ ದಾಖಲಿಸುವ ಲಾಗರ್ ಎರಡು ಬೇಕು. ಒಂದು ಬಾಗಿಲ ಬದಿಯ ಪ್ಯಾಲೆಟ್ಟಿನ ಮೇಲ್ಸಾಲಿನ ಪೆಟ್ಟಿಗೆಯೊಳಗೆ, ಇನ್ನೊಂದು ನಡುವಿನದರಲ್ಲಿ. ಪೆಟ್ಟಿಗೆಯ ಹೊರಗೆ ಅಂಟಿಸಿದರೆ ಗಾಳಿಯ ಉಷ್ಣತೆ ಸಿಗುತ್ತದೆ, ವೈನಿನದಲ್ಲ. ಚೆನ್ನೈನಲ್ಲಿ ಇಳಿಸಿ ಸುಮಾರು 350 ಕಿಲೋಮೀಟರ್ ಲಾರಿಯಲ್ಲಿ ತರುವಾಗ ಸಮುದ್ರದಲ್ಲಿ ಕಾಪಾಡಿದ್ದೆಲ್ಲ ಒಂದೇ ಮಧ್ಯಾಹ್ನ ಹೋಗಬಹುದು. ತಂಪು ಲಾರಿ ಸಿಗದಿದ್ದರೆ ರಾತ್ರಿ ಹೊರಡಿಸುವುದು ಕನಿಷ್ಠ ಎಚ್ಚರ. ಬಂದ ಮೇಲೂ ಮೂರ್ನಾಲ್ಕು ವಾರ 12ರಿಂದ 14 ಡಿಗ್ರಿಯಲ್ಲಿ ಮಲಗಿಸಿ ಬಿಡಬೇಕು. ಹಡಗಿನಿಂದ ಇಳಿದ ತಕ್ಷಣ ರುಚಿ ನೋಡಿ ಬೈದವರು ತಿಂಗಳು ಬಿಟ್ಟು ಅದನ್ನೇ ಮೆಚ್ಚುವುದು ಮಾಮೂಲು.

ಸುಂಕ ಒಂದೇ ಸಲ ಕಟ್ಟುವ ಶಕ್ತಿ ಸಣ್ಣವರಿಗಿಲ್ಲ, ಹಾಗಾಗಿ ಸರಕು ಬಾಂಡೆಡ್ ಗೋದಾಮಿಗೆ, ಅಂದರೆ ಸುಂಕ ಕಟ್ಟುವ ಮೊದಲು ಸರಕು ಇಡುವ ಗೋದಾಮಿಗೆ ಹೋಗುತ್ತದೆ. 1,200 ಬಾಟಲಿಗೆ ಮೇಲಿನ ಲೆಕ್ಕದಲ್ಲಿ ಸುಂಕ 18 ಲಕ್ಷ. ಅದರ ಮೂರು ಪಟ್ಟಿಗೆ, ಅಂದರೆ 54 ಲಕ್ಷಕ್ಕೆ, ಕಸ್ಟಮ್ಸಿಗೆ ಮುಚ್ಚಳಿಕೆ ಬರೆದುಕೊಟ್ಟು ಬೇಕಾದಾಗ ಬೇಕಾದಷ್ಟು ಬಿಡಿಸಿಕೊಳ್ಳಬಹುದು. ಆರು ಬಾಟಲಿಯ ಇಪ್ಪತ್ತು ಪೆಟ್ಟಿಗೆ ಬಿಡಿಸಿದರೆ ಆ ದಿನ ಕಟ್ಟುವುದು 1.8 ಲಕ್ಷ. 90 ದಿನದವರೆಗೆ ಬಡ್ಡಿಯಿಲ್ಲ, ಆಮೇಲೆ ಸುಂಕದ ಮೇಲೆ ವರ್ಷಕ್ಕೆ 15 ಪ್ರತಿಶತ. ಪೂರ್ತಿ 18 ಲಕ್ಷದ ಸರಕು ಹಾಗೇ ಬಿದ್ದಿದ್ದರೆ ತಿಂಗಳಿಗೆ 22,500 ರೂಪಾಯಿ. ಇದು ಕಣ್ಣಿಗೆ ಕಾಣದ ಸೋರಿಕೆ, ಎಷ್ಟೋ ಸಣ್ಣ ಕಂಪನಿಗಳು ಸೊರಗುವುದು ಇಲ್ಲೇ.

ಚೀಟಿ ಹಚ್ಚುವುದೂ ಇದೇ ಗೋದಾಮಿನಲ್ಲಿ. ಆಮದುದಾರರ ಹೆಸರು ವಿಳಾಸ, ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ಪರವಾನಗಿ ಸಂಖ್ಯೆ, ಆಮದಿನ ತಿಂಗಳು, ಎಂಆರ್‌ಪಿ, ಮದ್ಯಪಾನ ಆರೋಗ್ಯಕ್ಕೆ ಹಾನಿಕರ ಎಂಬ ಎಚ್ಚರಿಕೆ. ಯಾವ ಕಂತಿನಲ್ಲಿ ತುಂಬಿದ ಬಾಟಲಿ ಎಂದು ಹೇಳುವ ಲಾಟ್ ನಂಬರ್ ಮಾತ್ರ ತಯಾರಕರದ್ದೇ ಇರಬೇಕು. ಸಣ್ಣ ಬೆಳೆಗಾರರು ಅದನ್ನು ಗಾಜಿನ ಬುಡದ ಹತ್ತಿರ ಸಣ್ಣದಾಗಿ ಮುದ್ರಿಸಿರುತ್ತಾರೆ, ಅವಸರದಲ್ಲಿ ಚೀಟಿ ಅದರ ಮೇಲೇ ಕೂತರೆ ಮತ್ತೆ ಎಲ್ಲ ಬಿಚ್ಚಿ ಹಚ್ಚಬೇಕು. 14 ಡಿಗ್ರಿಯ ಬಾಟಲಿಯನ್ನು ಕರಾವಳಿಯ ಸೆಕೆಯಲ್ಲಿ ಹೊರತೆಗೆದರೆ ಮೈಯೆಲ್ಲ ಬೆವರುತ್ತದೆ, ಒದ್ದೆ ಗಾಜಿಗೆ ಅಂಟು ಹಿಡಿಯುವುದಿಲ್ಲ. ಪೆಟ್ಟಿಗೆ ತೆರೆಯದೆ ಒಂದು ರಾತ್ರಿ ಹೊರಗಿನ ಉಷ್ಣತೆಗೆ ಹೊಂದಿಸಿ ಆಮೇಲೆ ಹಚ್ಚಬೇಕು.

ಕರ್ನಾಟಕದಲ್ಲಿ ಆಮದುದಾರರು ನೇರವಾಗಿ ಹೋಟೆಲಿಗೆ ಮಾರುವಂತಿಲ್ಲ. ಸಗಟು ವ್ಯವಹಾರ ರಾಜ್ಯ ಸರ್ಕಾರದ ಪಾನೀಯ ನಿಗಮ ಕೆಎಸ್‌ಬಿಸಿಎಲ್‌ನ ಡಿಪೋದ ಮೂಲಕ. ಜಾಣರು ಹೋಟೆಲುಗಳ ಬೇಡಿಕೆ ಮೊದಲೇ ಗಟ್ಟಿಮಾಡಿಕೊಂಡು ಅಷ್ಟನ್ನೇ ಡಿಪೋಗೆ ಕಳಿಸುತ್ತಾರೆ, ಬಾಟಲಿ ಅಲ್ಲಿ ದಿನಗಟ್ಟಲೆ ಕೂರದಂತೆ. ಅಬಕಾರಿ ವರ್ಷ ಜುಲೈ 1ಕ್ಕೆ ಶುರು. ಜುಲೈನಲ್ಲಿ ಲೇಬಲ್ ಅರ್ಜಿ, ಆಗಸ್ಟಿನಲ್ಲಿ ಯುರೋಪಿನವರು ರಜೆ, ಸೆಪ್ಟೆಂಬರಿನಲ್ಲಿ ಅವರಿಗೆ ಕೊಯ್ಲು. ಆದರೆ ಇಲ್ಲಿ ಡಿಸೆಂಬರ್ ಮಾರಾಟಕ್ಕೆ ಮಾಲು ನವೆಂಬರಿನಲ್ಲಿ ಕೈಲಿರಬೇಕು. ಆದ್ದರಿಂದ ಆರ್ಡರ್, ಹಣ, ಲೇಬಲ್ ವಿನ್ಯಾಸ ಎಲ್ಲ ಜುಲೈ ಮುಗಿಯುವುದರೊಳಗೆ ತೀರ್ಮಾನವಾಗಬೇಕು. ಕೆಂಪು ಸಮುದ್ರ ಬಿಟ್ಟು ಆಫ್ರಿಕಾ ಸುತ್ತಿ ಬರುವ ಹಡಗಾದರೆ ಇನ್ನೆರಡು ವಾರ ಸೇರಿಸಿ. ಮೇ, ಜೂನಿನಲ್ಲಿ ಕೆಲವು ಒಳ್ಳೆಯ ವೈನು ಹೋಟೆಲುಗಳಲ್ಲಿ ಕಡಿಮೆ ಬೆಲೆಗೆ ಸಿಕ್ಕರೆ ಆಶ್ಚರ್ಯ ಬೇಡ, ಲೇಬಲ್ ನವೀಕರಿಸುವ ಬದಲು ಖಾಲಿ ಮಾಡುತ್ತಿರಬಹುದು.

ಇಷ್ಟೆಲ್ಲ ಆದ ಮೇಲೂ ಬಾಟಲಿ ಹಾಳಾಗುವುದು ಹೋಟೆಲಿನ ಬಾರ್ ಕೌಂಟರಿನಲ್ಲಿ. ಮದ್ಯದ ಜಾಹೀರಾತಿಗೆ ಅವಕಾಶವಿಲ್ಲ, ಆದ್ದರಿಂದ ಬಡಿಸುವ ಹುಡುಗರೇ ಜಾಹೀರಾತು. ಅವರಿಗೆ ರುಚಿ ತೋರಿಸದೆ ಪಟ್ಟಿಗೆ ಸೇರಿಸಿದ ವೈನು ಪಟ್ಟಿಯಲ್ಲೇ ಉಳಿಯುತ್ತದೆ. ಒಂದು ಬಾಟಲಿಗೆ 150 ಮಿಲಿಯ ಐದು ಗ್ಲಾಸು. ದಿನಕ್ಕೆ ಒಂದೇ ಗ್ಲಾಸು ಹೋಗುವ ಕಡೆ ಐದನೆಯದು ಹುಳಿ ನೀರು. ಅಂಥ ಕಡೆ ಗ್ಲಾಸಿನ ಪಟ್ಟಿಗೆ ಎರಡೇ ವೈನು ಸಾಕು ಎಂದು ಹೇಳುವ ಆಮದುದಾರರನ್ನು ನಂಬಬಹುದು. ಕೆಂಪು ವೈನನ್ನು ‘ರೂಮ್ ಟೆಂಪರೇಚರಿನಲ್ಲಿ’ ಕೊಡಬೇಕು ಎಂಬ ಮಾತು ಯುರೋಪಿನ ಹಳೆಯ ತಣ್ಣನೆಯ ಮನೆಗಳದ್ದು. ನಮ್ಮ 27 ಡಿಗ್ರಿಯ ಕೋಣೆಯಲ್ಲಿ ಮದ್ಯಸಾರವೇ ಮೂಗಿಗೆ ಹೊಡೆಯುತ್ತದೆ. ಫ್ರಿಜ್ಜಿನಲ್ಲಿಟ್ಟು 16ರ ಆಸುಪಾಸಿಗೆ ತನ್ನಿ.

ಊಟದ ಜೊತೆಗಿನ ಮಾತು ಬೇರೆ ಬರಹಕ್ಕಾಗುವಷ್ಟಿದೆ, ಇಲ್ಲಿ ಒಂದಿಷ್ಟೇ. ಮದ್ಯಸಾರ ಮತ್ತು ಒಗರು ಎರಡೂ ಖಾರವನ್ನು ಕೆರಳಿಸುತ್ತವೆ, ಕೋರಿ ಗಸಿಗೆ 14.5 ಪ್ರತಿಶತದ ಶಿರಾಜ್ ಬೇಡ. ತುಸು ಸಿಹಿಯುಳಿದ, ಮದ್ಯಸಾರ ಕಡಿಮೆಯಿರುವ ಮೊಸೆಲ್ ರೀಸ್ಲಿಂಗ್ ಬಾಯನ್ನು ಸಮಾಧಾನ ಮಾಡುತ್ತದೆ. ಕಾಚಂಪುಳಿ ಹಾಕಿದ ಪಂದಿ ಕರಿಯ ಮುಂದೆ ಹುಳಿಯಿಲ್ಲದ ವೈನು ಸಪ್ಪೆ, ತುಸು ತಂಪು ಮಾಡಿದ ಫ್ರಾನ್ಸಿನ ಬೋಜೊಲೆ ಅಥವಾ ಎಟ್ನಾದ ಕೆಂಪು ನಿಲ್ಲುತ್ತದೆ. ಬೆಂಗಳೂರು ನೀಲಿ ದ್ರಾಕ್ಷಿಯ ಸಿಹಿ ಪೋರ್ಟ್ ವೈನಿಗೆ ಒಗ್ಗಿದ ನಾಲಿಗೆಗಳು ಇಲ್ಲಿ ಬಹಳ. ಅವರ ಮುಂದೆ ಮೊದಲ ದಿನವೇ ಸಿಹಿಯಿಲ್ಲದ ಕಡು ‘ಡ್ರೈ’ ವೈನು ಇಟ್ಟು ಮುಖ ಗಂಟಿಕ್ಕಿಸುವುದು ವ್ಯಾಪಾರವಲ್ಲ.

ಕೊಂಡ ಬಾಟಲಿಯ ಕಾರ್ಕ್ ಗಾಜಿನ ಅಂಚಿಗಿಂತ ಮೇಲೆ ಬಂದಿದ್ದರೆ, ಮುಚ್ಚಳದ ಹೊದಿಕೆಯ ಕೆಳಗೆ ಅಂಟಂಟು ಇದ್ದರೆ ತೆರೆಯುವ ಮೊದಲೇ ಫೋಟೊ ತೆಗೆದು ಅಂಗಡಿಗೆ ತೋರಿಸಿ. ತೆರೆದ ಮೇಲೆ ಒದ್ದೆ ರಟ್ಟಿನ ವಾಸನೆ ಬಂದರೆ ಅದು ಕಾರ್ಕಿನ ದೋಷ, ಬಿಸಿಲಿನದಲ್ಲ. ಎರಡರಲ್ಲೂ ವೈನು ಚೆಲ್ಲಬೇಡಿ. ಅದೇ ಕಾರ್ಕ್ ಹಾಕಿ ಫ್ರಿಜ್ಜಿನಲ್ಲಿಟ್ಟು, ಲಾಟ್ ನಂಬರ್ ಬರೆದುಕೊಂಡು, ಹಿಂಬದಿಯ ಚೀಟಿಯಲ್ಲಿರುವವರಿಗೆ ತಿಳಿಸಿ. ಅದೇ ಲಾಟಿನ ಇನ್ನೊಂದು ಬಾಟಲಿ ತೆರೆದು ನೋಡಿ ಉತ್ತರ ಕೊಡುವವರಾದರೆ ಅವರ ಚೀಟಿಯಿರುವ ಮುಂದಿನ ಬಾಟಲಿಯನ್ನು ಹೆಸರು ಗೊತ್ತಿಲ್ಲದಿದ್ದರೂ ಕೊಳ್ಳಬಹುದು.