ಯಾರಿಗಿ ಹೇಳೀರಿಪಾ?

ಮಂಗಳವಾರದಿಂದ ಒಂದೇ ಮಾತು ಕಿವಿಯಲ್ಲಿ ಕೂತಿದೆ. ರೊಟ್ಟಿ ಬಡಿಯುವಾಗ, ಆಫೀಸಿನಲ್ಲಿ ಫೈಲು ತಿರುವುವಾಗ, ರಾತ್ರಿ ದೀಪ ಆರಿಸಿದ ಮೇಲೂ ಅದೇ. "ಯಾರಿಗಿ ಹೇಳೀರಿಪಾ ನೀವು?"

ಕೇಳಿದ್ದು ನಮ್ಮ ದೊಡ್ಡವ್ವ. ಕೇಳಿಸಿಕೊಂಡವನು ಪಂಚಾಯ್ತಿಯ ಕಂಪ್ಯೂಟರ್ ಹುಡುಗ. ನಾನು ಪಕ್ಕದಲ್ಲಿ ಅವಳ ಕೈಚೀಲ ಹಿಡಿದು ನಿಂತಿದ್ದೆ, ಅಷ್ಟೇ.

ದೊಡ್ಡವ್ವನಿಗೆ ನಾಲ್ಕು ತಿಂಗಳಿಂದ ಪಗಾರ ಬಂದಿರಲಿಲ್ಲ. ನಮ್ಮ ಕಡೆ ಮುದುಕರ ಪಿಂಚಣಿಗೆ ಪಗಾರ ಅಂತಲೇ ಹೇಳುವುದು. ಕಾಗದದ ಮೇಲೆ ಅದು ಸಂಧ್ಯಾ ಸುರಕ್ಷಾ, 65 ದಾಟಿದವರಿಗೆ ತಿಂಗಳಿಗೆ 1200 ರೂಪಾಯಿ. ಪೇಟೆಯಲ್ಲಿ ಇರುವವರಿಗೆ ಇದು ಒಂದು ಸಲ ಹೊರಗೆ ಊಟ ಮಾಡಿದ ದುಡ್ಡು. ದೊಡ್ಡವ್ವನಿಗೆ ಅದರಲ್ಲಿ ಬಿಪಿ ಗುಳಿಗೆ, ಚಹಾಪುಡಿ, ಸಕ್ಕರೆ, ಎಲಿ ಅಡಿಕಿ, ಮೊಮ್ಮಗಳು ಬಂದರೆ ಕೈಯಲ್ಲಿ ಇಡಲು ಇಪ್ಪತ್ತು ರೂಪಾಯಿ, ಎಲ್ಲ ಇದೆ. ಮಗ ಪುಣೆಯಲ್ಲಿ ಕಟ್ಟಡ ಕೆಲಸಕ್ಕೆ ಹೋಗಿ ಹನ್ನೊಂದು ವರ್ಷ ಆಯಿತು. ದುಡ್ಡು ಕಳಿಸುತ್ತಾನೆ. ಆದರೆ ಕೇಳಿ ಪಡೆದ ದುಡ್ಡಿಗೂ ತನ್ನದೇ ಪಗಾರಕ್ಕೂ ಎಷ್ಟು ಫರಕು ಅನ್ನುವುದು ಕೇಳುವವರಿಗೇ ಗೊತ್ತು.

ನಾಲ್ಕು ತಿಂಗಳು ಅವಳು ನನಗೂ ಹೇಳಿರಲಿಲ್ಲ. ಯಾಕೆ ಎಂದರೆ ಕಟ್ಟೆಯ ಮೇಲಿನ ಮಂದಿ ಅವಳಿಗೆ ಕಾರಣ ಹೇಳಿಬಿಟ್ಟಿದ್ದರು. ಹೆಣ್ಮಕ್ಕಳಿಗೆ ತಿಂಗಳಿಗೆ ಎರಡು ಸಾವಿರ ಕೊಡಾಕ ಹತ್ಯಾರಲ್ಲ, ಅದಕ್ಕ ಮುದುಕರದು ನಿಲ್ಲಿಸ್ಯಾರ ಅಂತ. ಬರೀ ಗಾಳಿ ಮಾತು. ಬಾಜೂ ಓಣಿಯ ಮುದುಕರಿಗೆ ತಪ್ಪದೇ ಬರುತ್ತಿತ್ತು. ಆದರೂ ಇವಳು ನಂಬಿದ್ದಳು. ಖರೆ ಸುದ್ದಿ ಹೇಳುವವರು ಬಾರದೇ ಹೋದರೆ ಕಟ್ಟೆಯ ಮಂದಿ ಹೇಳಿದ್ದನ್ನೇ ನಂಬಬೇಕಲ್ಲ.

ಸರಿ, ಒಂದು ದಿನ ರಜೆ ಹಾಕಿ ವಿಜಯಪುರದಿಂದ ಮುಂಜಾನೆ ಬಸ್ಸಿಗೆ ಹೊರಟೆ. ನಮ್ಮೂರು ಡೋಣಿ ಹೊಳೆಯ ಸೀಮೆ. ಡೋಣಿ ಬೆಳೆದರೆ ಓಣಿಯೆಲ್ಲ ಜೋಳ ಅನ್ನುತ್ತಾರಲ್ಲ, ಆ ಕರಿ ಎರೆ ಭೂಮಿ. ಊರಿಗೆ ಇಳಿದಾಗ ಹತ್ತೂವರೆ. ದೊಡ್ಡವ್ವ ಆಗಲೇ ಇಳಕಲ್ ಸೀರೆ ಉಟ್ಟು, ಆಧಾರ್ ಕಾರ್ಡು, ಪಾಸ್‌ಬುಕ್ಕು ಎಲ್ಲ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ಬಾಗಿಲಲ್ಲಿ ಕೂತಿದ್ದಳು. ಪಂಚಾಯ್ತಿಗೆ ಹೋಗಲು ಇಳಕಲ್ ಸೀರೆ! ನಾನು ನಕ್ಕೆ. ಅವಳು ನಗಲಿಲ್ಲ.

ಪಿಂಚಣಿ ಪಂಚಾಯ್ತಿಯ ಕೆಲಸ ಅಲ್ಲ, ಅದು ಕಂದಾಯ ಇಲಾಖೆಯದು, ನಾಡಕಚೇರಿಗೆ ಹೋಗಬೇಕು ಎಂದು ನನಗೆ ಗೊತ್ತಿತ್ತು. ದಾರಿಯಲ್ಲಿ ಅವಳಿಗೆ ಹೇಳಲು ನೋಡಿದೆ. ಮನೆ ಉತಾರಕ್ಕೆ, ನೀರಿಗೆ, ಬೀದಿ ದೀಪಕ್ಕೆ ಪಂಚಾಯ್ತಿ. ಪಹಣಿಗೆ, ಜಾತಿ ಆದಾಯಕ್ಕೆ, ಪಗಾರಕ್ಕೆ ನಾಡಕಚೇರಿ, ತಲಾಟಿ. (ಈಗ ತಲಾಟಿಗೆ ಗ್ರಾಮ ಆಡಳಿತ ಅಧಿಕಾರಿ ಎಂಬ ಹೆಸರು ಬಂದಿದೆ. ಊರಲ್ಲಿ ಯಾರ ಬಾಯಲ್ಲೂ ಅದು ಬಂದಿದ್ದು ನಾನು ಕೇಳಿಲ್ಲ.) ದೊಡ್ಡವ್ವ ಎಲ್ಲ ಕೇಳಿ, "ಎಲ್ಲಾ ಸರಕಾರದ್ದಽ ಹೌದಲ್ಲ?" ಅಂದಳು. ನಾನು ಸುಮ್ಮನಾದೆ. ನಾಡಕಚೇರಿ ಹೋಬಳಿ ಊರಲ್ಲಿ, ಒಂಬತ್ತು ಕಿಲೋಮೀಟರ್. ಪಂಚಾಯ್ತಿ ಇದ್ದಲ್ಲೇ ಇದೆ. ಮೊದಲು ಇಲ್ಲಿ ಕೇಳೋಣ ಎಂದು ಒಳಗೆ ಹೋದೆವು.

ಅಭಿವೃದ್ಧಿ ಅಧಿಕಾರಿ ಇರಲಿಲ್ಲ. ಅವರಿಗೆ ಇನ್ನೊಂದು ಪಂಚಾಯ್ತಿಯ ಚಾರ್ಜೂ ಇದೆಯಂತೆ. ಕಂಪ್ಯೂಟರ್ ಹುಡುಗ ಇದ್ದ. ಒಳ್ಳೆಯ ಹುಡುಗ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ದೊಡ್ಡವ್ವನಿಗೆ ಕುರ್ಚಿ ಕೊಟ್ಟ, ನೀರು ಕೊಟ್ಟ. ಅವನ ಕೆಲಸವೇ ಅಲ್ಲದ್ದನ್ನು ಹುಡುಕಿ ನೋಡಿದ. ಕರೆಂಟು ಹೋಗಿ ಬಂದು ಮಾಡುತ್ತಿದ್ದರೂ ಬೇಜಾರು ಮಾಡಲಿಲ್ಲ. ಕೊನೆಗೆ ಒಂದು ಪಟ್ಟಿ ತೆಗೆದ. ಖಾತೆಗೆ ಆಧಾರ್ ಸರಿಯಾಗಿ ಜೋಡಣೆ ಆಗದವರ ಪಟ್ಟಿ. ಅದರಲ್ಲಿ ದೊಡ್ಡವ್ವನ ಹೆಸರು.

"ಆಯಿ, ಇದನ್ನ ಅವಾಗಽ ಹೇಳೇವಲ್ರಿ. ತಲಾಟಿಯವ್ರು ಪಟ್ಟಿ ಕಳಿಸಿದ್ರು. ಗ್ರಾಮಸಭಾದಾಗ ಓದೇವ್ರಿ. ಬೋರ್ಡಿಗಿ ಹಚ್ಚೇವಿ, ಗ್ರೂಪಿಗಿ ಹಾಕೇವಿ."

ಆಗ ದೊಡ್ಡವ್ವ ಆ ಮಾತು ಕೇಳಿದ್ದು. "ಯಾರಿಗಿ ಹೇಳೀರಿಪಾ ನೀವು?"

ಸಿಟ್ಟಿನಿಂದ ಕೇಳಿದ್ದರೆ ನಾನು ಇಷ್ಟು ದಿನ ತಲೆಯಲ್ಲಿ ಇಟ್ಟುಕೊಳ್ಳುತ್ತಿರಲಿಲ್ಲ. ಸರಕಾರಿ ಕಚೇರಿಯಲ್ಲಿ ಸಿಟ್ಟು ಹೊಸದೇನು? ಅವಳು ನಿಜವಾಗಿ ತಿಳಿದುಕೊಳ್ಳಲು ಕೇಳಿದಳು. ಹೇಳಿದ್ದರೆ ಯಾರೋ ಒಬ್ಬರು ಕೇಳಿರಬೇಕಲ್ಲ, ಅವರು ಯಾರು, ಅವರನ್ನಾದರೂ ಕೇಳಿ ನೋಡೋಣ ಅನ್ನುವ ಹಾಗೆ. ಹುಡುಗನಿಗೆ ಉತ್ತರ ಹೊಳೆಯಲಿಲ್ಲ. ಪಾಪ, ನನ್ನ ಮುಖ ನೋಡಿದ.

ಆಮೇಲೆ ಅವನು ಮಾಡಿದ್ದು ಇನ್ನೊಂದು ಕೆಲಸ. ಗ್ರಾಮಸಭೆಯ ಹಾಜರಿ ಪುಸ್ತಕ ತೆಗೆದು ಪುಟ ತಿರುವಿದ. "ಇಲ್ನೋಡ್ರಿ ಅಕ್ಕಾರ, ಆಯಿದು ಹೆಬ್ಬಟ್ಟೈತಿ."

ಇತ್ತು. ನೇರಳೆ ಶಾಯಿಯಲ್ಲಿ, ಪಕ್ಕದಲ್ಲಿ ಯಾರೋ ಬರೆದ ದೊಡ್ಡವ್ವನ ಹೆಸರು. ಪುಸ್ತಕದ ಪ್ರಕಾರ ಅವಳು ಅವತ್ತು ಸಭೆಯಲ್ಲಿ ಕೂತು ಎಲ್ಲ ಕೇಳಿದ್ದಾಳೆ. ದೊಡ್ಡವ್ವ ಕಣ್ಣು ಕಿರಿದು ಮಾಡಿ ನೋಡಿದಳು. "ಇದು ನೀರಿನ ಹುಡುಗ ಮನಿಗಿ ಬಂದು ಒತ್ತಿಸ್ಕೊಂಡು ಹೋಗಿದ್ದು. ನಳದ್ದು ಅಂತ ತಿಳದಿದ್ನೆವಾ ನಾ."

ಗ್ರಾಮಸಭೆಗೆ ಕೋರಂ ಬೇಕು. ಮತದಾರರಲ್ಲಿ ಹತ್ತರಲ್ಲಿ ಒಂದು ಪಾಲು ಅಥವಾ ನೂರು ಜನ, ಯಾವುದು ಕಡಿಮೆಯೋ ಅಷ್ಟಾದರೂ ಬರಬೇಕು. ಆರು ತಿಂಗಳಿಗೆ ಒಂದಾದರೂ ಸಭೆ ಆಗಬೇಕು. 1993ರ ಪಂಚಾಯತ್ ರಾಜ್ ಕಾಯ್ದೆ ಹಳ್ಳಿಯ ಮಂದಿಗೆ ಕೊಟ್ಟ ದೊಡ್ಡ ಅಧಿಕಾರ ಈ ಸಭೆ. ಯಾರಿಗೆ ಮನೆ, ಯಾರಿಗೆ ಸೌಲಭ್ಯ ಎಂದು ಎದ್ದು ನಿಂತು ಕೇಳುವ ಜಾಗ. ಸುಗ್ಗಿಯ ದಿನ ಮುಂಜಾನೆ ಹನ್ನೊಂದಕ್ಕೆ ಸಭೆ ಇಟ್ಟರೆ ಹೊಲ ಬಿಟ್ಟು ಯಾರು ಬರುತ್ತಾರೆ? ಬಾರದವರ ಹತ್ತಿರ ಪುಸ್ತಕವೇ ಹೋಗುತ್ತದೆ. ಸಹಿಯಾಗಿ ಬಂದರೆ ನೂರು ತುಂಬುತ್ತದೆ. ಎಲ್ಲ ಊರಲ್ಲೂ ಹೀಗೆ ಎಂದು ಹೇಳಲಾರೆ. ನಮ್ಮೂರಲ್ಲಿ ಹೀಗಾಗಿದ್ದನ್ನು ಕಣ್ಣಾರೆ ನೋಡಿದೆ.

ಹೊರಗೆ ಬಂದು ಬೋರ್ಡನ್ನೂ ಹುಡುಕಿದೆ. ಗಾಜಿನ ಬಾಗಿಲು, ಅದಕ್ಕೊಂದು ಸಣ್ಣ ಕೀಲಿ, ಮುಂದೆ ಎರಡು ಬೈಕು. ಒಳಗೆ ಕಾಗದದ ಮೇಲೆ ಕಾಗದ. ದೊಡ್ಡವ್ವನ ಪಟ್ಟಿ ಇದ್ದಿರಬಹುದು. ಅದರ ಮೇಲೆ ತೆರಿಗೆ ತುಂಬಿ ಎನ್ನುವ ನೋಟೀಸು, ಅದರ ಮೇಲೆ ಯಾವುದೋ ಟೆಂಡರು. ಬೈಕಿನ ಸೀಟಿನ ಮೇಲೆ ಬಗ್ಗಿ ಓದಬೇಕು. ಓದಲು ಬರುವ ನನಗೇ ಸೊಂಟ ಹಿಡಿಯಿತು.

ಮನೆಗೆ ಬಂದು ಊಟಕ್ಕೆ ಕೂತಾಗ ದೊಡ್ಡವ್ವ ಡಂಗುರದ ಮಾತು ತೆಗೆದಳು. ನಾನು ಸಣ್ಣವಳಿದ್ದಾಗ ಊರಲ್ಲಿ ಸುದ್ದಿ ಬರುತ್ತಿದ್ದದ್ದೇ ಹಲಗೆಯ ಮೇಲೆ. ದೀಪ ಹಚ್ಚುವ ಹೊತ್ತಿಗೆ ದೂರದಲ್ಲಿ ಡಣ್ ಡಣಕ್ ಎಂದರೆ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಕೈ ನಿಲ್ಲುತ್ತಿತ್ತು. "ಕೇಳ್ರಪೋ ಕೇಳ್ರಿ... ನಾಳೆ ಮುಂಜಾನೆ ಚಾವಡಿಗಿ ಸಾಹೇಬ್ರು ಬರ್ತಾರ..." ಅಗಸಿ ಬಾಗಿಲಲ್ಲಿ ಒಂದು ಸಲ, ಹನುಮಪ್ಪನ ಗುಡಿ ಮುಂದೆ ಒಂದು ಸಲ, ಬಾವಿ ಹತ್ತಿರ ಒಂದು ಸಲ, ಆಮೇಲೆ ನಮ್ಮ ಓಣಿ. 1987ರಲ್ಲಿ ಮಂಡಲ ಪಂಚಾಯ್ತಿಯ ಮೊದಲ ಚುನಾವಣೆ ಆಯಿತಲ್ಲ, ಅದು ದೊಡ್ಡವ್ವನಿಗೆ ಗೊತ್ತಾಗಿದ್ದೂ ಹೀಗೇ. ಆಗ ಪಂಚಾಯತ್ ರಾಜ್ ಮಂತ್ರಿ ಆಗಿದ್ದವರು ಅಬ್ದುಲ್ ನಜೀರ್ ಸಾಬ್. ಹಳ್ಳಿ ಹಳ್ಳಿಗೆ ಬೋರ್‌ವೆಲ್ ಹಾಕಿಸಿ ನೀರ್ ಸಾಬ್ ಎಂದೇ ಹೆಸರಾದವರು. ದೊಡ್ಡವ್ವನಿಗೆ ಅವರ ಪೂರ್ತಿ ಹೆಸರು ಗೊತ್ತಿಲ್ಲ. "ನೀರಿನ ಸಾಬ್ರು" ಅನ್ನುತ್ತಾಳೆ.

"ಹಲಗಿ ಬಡಿದಾಗ ತಿಳಿಲಿಲ್ಲ ಅಂದ್ರ, ಬಾಗಲದಾಗ ನಿಂತು ಕೇಳ್ತಿದ್ವಿ. ಎಷ್ಟೊತ್ತಿಗಿ ಅಂತ. ಅವ ಹೇಳ್ತಿದ್ದ. ಈಗ ಯಾರನ್ನ ಕೇಳ್ಬೇಕವಾ?"

ನನಗೂ ಆ ಹೊತ್ತಿಗೆ ಹಳೆಯದೇ ಚಲೋ ಇತ್ತು ಅನಿಸಿತು. ಅನ್ನಲೂ ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಹಲಗೆ ಬಡಿಯುತ್ತಿದ್ದ ಅಜ್ಜನ ಮುಖ ನೆನಪಾಯಿತು. ಊರಿಗೆಲ್ಲ ಸುದ್ದಿ ಹೇಳುವವನು ಕಟ್ಟೆಯ ಕೆಳಗೇ ನಿಲ್ಲುತ್ತಿದ್ದ. ಒಂದು ದಿನವೂ ಮೇಲೆ ಹತ್ತಿದ್ದು ನೋಡಿಲ್ಲ. ನಮ್ಮನೆಯಲ್ಲಿ ಅವನಿಗೆ ಚಹಾ ಕೊಡುತ್ತಿದ್ದ ಬಟ್ಟಲು ಹೊರಗೆ ಗೂಡಿನಲ್ಲಿ ಬೇರೆ ಇತ್ತು. ಸುಗ್ಗಿಯಲ್ಲಿ ಕಾಳು ಬೇಡಿ ಪಡೆಯುವುದೇ ಅವನ ಸಂಬಳ. ಅವನ ಮಗ ಹಲಗೆ ಮುಟ್ಟಲಿಲ್ಲ. ಮೊಮ್ಮಗ ಡಿಗ್ರಿ ಓದಿದ. ಮುಟ್ಟದೇ ಇದ್ದದ್ದು ಒಳ್ಳೆಯದೇ ಆಯಿತು. ನಾವು ಬಾಗಿಲಲ್ಲಿ ನಿಂತು ಆರಾಮಾಗಿ ಸುದ್ದಿ ಕೇಳಿದ್ದಕ್ಕೆ ಬೆಲೆ ಕೊಟ್ಟವನು ಅವನು. ಇದನ್ನು ದೊಡ್ಡವ್ವನಿಗೆ ಹೇಳಿದರೆ, ಬೇರೆ ಬಟ್ಟಲಿಗೆ ಚಹಾ ಹಾಕುತ್ತಿದ್ದವಳು ಅವಳೇ, ಏನೆನ್ನುತ್ತಾಳೆ ಎಂದು ಗೊತ್ತಿರಲಿಲ್ಲ. ಹೇಳಲಿಲ್ಲ. ರೊಟ್ಟಿ ಮುರಿದು ತಿಂದೆ.

ಹಲಗೆ ಬೇಡ, ಸರಿ. ಆದರೆ ಸುದ್ದಿ ಮನೆ ಬಾಗಿಲಿಗೆ ಬರುವುದೂ ಬೇಡ ಅಂತಲ್ಲವಲ್ಲ? ಊರಿಗೆ ಕಸದ ಗಾಡಿ ಬರುತ್ತದೆ. ನಮ್ಮೂರಿನದನ್ನು ಸಂಘದ ಹೆಣ್ಣುಮಗಳೇ ಓಡಿಸುತ್ತಾಳೆ, ಜೋರಾಗಿ. ಅದಕ್ಕೆ ಮೈಕ್ ಇದೆ. ಸ್ವಚ್ಛತೆಯ ಹಾಡು ದಿನಾ ಮುಂಜಾನೆ ಓಣಿ ಓಣಿ ಕೇಳುತ್ತದೆ. ಆ ಹಾಡು ಎರಡು ನಿಮಿಷ ನಿಲ್ಲಿಸಿ ಪಟ್ಟಿಯಲ್ಲಿರುವ ಹೆಸರು ಓದಿದ್ದರೆ? ಇಪ್ಪತ್ತೋ ಮೂವತ್ತೋ ಹೆಸರು. ತಿಳಿಯದಿದ್ದರೆ ಗಾಡಿ ನಿಲ್ಲಿಸಿ ಕೇಳಲೂಬಹುದು. ಹುಡುಗನಿಗೆ ಇದನ್ನು ಹೇಳಿ ಬಂದಿದ್ದೇನೆ. "ಮೀಟಿಂಗಿನ್ಯಾಗ ಇಡ್ತೀನ್ರಿ ಅಕ್ಕಾರ" ಅಂದ. ಇಡುತ್ತಾನೋ ಇಲ್ಲವೋ.

ಮಧ್ಯಾಹ್ನ ಆಟೋದಲ್ಲಿ ಹೋಬಳಿ ಊರಿಗೆ ಹೋದೆವು. ಅಲ್ಲಿ ನಡೆದದ್ದು ಎಲ್ಲರಿಗೂ ಗೊತ್ತಿರುವ ಕಥೆ. ಮಷೀನಿನ ಮೇಲೆ ದೊಡ್ಡವ್ವನ ಹೆಬ್ಬೆಟ್ಟು ಹಿಡಿಯಲಿಲ್ಲ. ಒರೆಸಿ ಇಟ್ಟರು, ಎಣ್ಣೆ ಹಚ್ಚಿ ಇಟ್ಟರು, ಎಡಗೈ, ಬಲಗೈ. ಐವತ್ತು ವರ್ಷ ಕಸ ಕಿತ್ತು, ರೊಟ್ಟಿ ಬಡಿದು ಗೆರೆ ಸವೆದಿವೆ. ಪುಣೆಗೆ ಫೋನ್ ಮಾಡಿ ಅವಳ ಮಗನಿಂದ ಓಟಿಪಿ ಹೇಳಿಸಿಕೊಂಡು ಅಂತೂ ಕೆಲಸ ಮುಗಿಯಿತು. ಮಷೀನು ಒಲ್ಲೆ ಅಂದ ಅದೇ ಬೆರಳು ಹಾಜರಿ ಪುಸ್ತಕದಲ್ಲಿ ಎಷ್ಟು ಚೆನ್ನಾಗಿ ಮೂಡಿತ್ತು!

ಫೋನಿನಲ್ಲಿ ಅವನು ಒಂದು ಮಾತು ಹೇಳಿದ. "ಅಕ್ಕಾ, ಗ್ರೂಪಿನ್ಯಾಗ ಬಂದಿತ್ತಲ್ಲ ಅದು. ನಾ ನೋಡಿದ್ದೆ. ಊರಾಗ ಇದ್ದೋರು ಯಾರರೆ ಅವ್ವಗ ಹೇಳಿರ್ತಾರ ಅನ್ಕೊಂಡೆ."

ನನಗೆ ಭಾಳ ಸಿಟ್ಟು ಬಂತು. ಹೆತ್ತ ತಾಯಿಯ ಹೆಸರು ನೋಡಿಯೂ ಒಂದು ಫೋನ್ ಮಾಡಲಾಗಲಿಲ್ಲವಾ ಇವನಿಗೆ? ಮೊದಲಿನಿಂದಲೂ ಹೀಗೇ ಇವನು, ಎಲ್ಲದಕ್ಕೂ ಯಾರಾದರೂ ಇರುತ್ತಾರೆ ಎನ್ನುವವನು. ವಾಪಸ್ ಬರುವಾಗ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಇದನ್ನೇ ಕುದಿಯುತ್ತಿದ್ದೆ. ಆಗ ಹೊಳೆಯಿತು. ಯಾವ ಗ್ರೂಪು?

ಊರಿನ ಗ್ರೂಪು. ನಾನೂ ಅದರಲ್ಲಿದ್ದೇನೆ. ಎರಡು ವರ್ಷದ ಹಿಂದೆ ಯಾರೋ ಸೇರಿಸಿದ್ದರು. ದಿನಾ ಶುಭೋದಯ, ನಾಯಕರ ಹುಟ್ಟುಹಬ್ಬ, ಗಣಪನ ಫೋಟೋ ಎಂದು ಬೇಸತ್ತು ಸದ್ದು ಬಂದ್ ಮಾಡಿ ಇಟ್ಟಿದ್ದೆ. ಬಸ್ಸಿನಲ್ಲಿ ಹಿಂದೆ ಹಿಂದೆ ಸರಿಸುತ್ತಾ ಹೋದೆ. ನಾಲ್ಕು ತಿಂಗಳು ಸರಿಸಲು ಎಷ್ಟು ಹೊತ್ತು ಬೇಕು ಅಂತೀರಿ! ಒಂದು ಹುಟ್ಟುಹಬ್ಬದ ಬ್ಯಾನರ್ ಮತ್ತು ಕಳೆದುಹೋದ ಎಮ್ಮೆಯ ಫೋಟೋ ನಡುವೆ ಅದು ಇತ್ತು. ಪಟ್ಟಿಯ ಫೋಟೋ, ಸ್ವಲ್ಪ ಸೊಟ್ಟಗೆ ತೆಗೆದದ್ದು. ಹನ್ನೆರಡನೇ ಹೆಸರು ದೊಡ್ಡವ್ವನದು.

ಯಾರಿಗಿ ಹೇಳೀರಿಪಾ ನೀವು? ನನಗೆ ಹೇಳಿದ್ದರು.

ಬಸ್ ಸ್ಟ್ಯಾಂಡಿಗೆ ಇಳಿದ ತಕ್ಷಣ ಗ್ರೂಪಿನ ಸದ್ದು ಮತ್ತೆ ಚಾಲೂ ಮಾಡಿದೆ. ಅಲ್ಲಿಂದಲೇ ದೊಡ್ಡವ್ವನಿಗೆ ಫೋನ್ ಮಾಡಿ, ಇನ್ನುಮೇಲೆ ಪಂಚಾಯ್ತಿ ಸುದ್ದಿ ಏನೇ ಬರಲಿ ನಾನೇ ನಿನಗೆ ಹೇಳುತ್ತೇನೆ, ಚಿಂತಿ ಮಾಡಬೇಡ ಎಂದೆ. ಗ್ರೂಪಿನಲ್ಲಿ ಇದ್ದೆ ಅನ್ನುವುದನ್ನು ಮಾತ್ರ ಬಾಯಿ ಬಿಡಲಿಲ್ಲ. ಬುಧವಾರ ಮಧ್ಯಾಹ್ನ ಮೀಟಿಂಗಿನಲ್ಲಿ ಫೋನು ಟಣ್ ಟಣ್ ಎಂದು ಸಾಹೇಬರು ಹುಬ್ಬು ಗಂಟಿಕ್ಕಿದರು. ಸದ್ದು ಮತ್ತೆ ಬಂದ್ ಮಾಡಿದೆ. ಸಂಜೆ ಚಾಲೂ ಮಾಡಿದರಾಯಿತು ಎಂದುಕೊಂಡೆ.

ಇವತ್ತು ಶುಕ್ರವಾರ. ಮುಂಜಾನೆ ಆರೂವರೆಗೆ ದೊಡ್ಡವ್ವನ ಫೋನು. ಪಗಾರ ಬಂತೇನೋ ಎಂದು ಓಡಿ ಬಂದು ಎತ್ತಿದೆ.

"ಪಗಾರ ಇನ್ನಾ ಬಂದಿಲ್ಲ. ಬರ್ತೈತಿ ಬಿಡು. ಇವತ್ತ ನಾಳೆ ನಳದ ನೀರ ಬರಂಗಿಲ್ಲಂತ, ಪೈಪ್ ಒಡದೈತಂತ. ನಿನ್ನೆ ಗ್ರೂಪಿಗಿ ಹಾಕ್ಯಾರಂತ. ಬಾಜೂಮನಿ ಹುಡುಗ ಹೇಳ್ದ. ನೋಡಿದ್ಯಾ?"

"ಹೂಂ ದೊಡ್ಡವ್ವ, ನೋಡಿದ್ನಿ" ಎಂದುಬಿಟ್ಟೆ. ನೋಡಿರಲಿಲ್ಲ.

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಕೊಡ ಇಳಿಸಿದ ಸಪ್ಪಳ ಕೇಳಿತು.

"ನೋಡಿ ಯಾರಿಗಿ ಹೇಳಿದಿ?"