ಕಿಸೆ ಇರುವ ಬ್ರಾ, ಹಗುರ ಪ್ಯಾಡು: ದಾವಣಗೆರೆಯ ಹೊಲಿಗೆ ಮೇಜಿನಿಂದ ನಾಲ್ಕು ಮಾದರಿಗಳ ಲೆಕ್ಕ

ಸ್ತನ ತೆಗೆಸಿಕೊಂಡವರು ದಿನವಿಡೀ ಹಾಕಿಕೊಂಡರೂ ಕಿರಿಕಿರಿಯಾಗದ ಒಂದು ಪ್ಯಾಡು, ಅದನ್ನು ಜಾಗದಲ್ಲಿ ಹಿಡಿದಿಡುವ ಒಂದು ಬ್ರಾ. ಸಾಮಾನೆಲ್ಲ ಮಂಡಿಪೇಟೆ ಸುತ್ತಮುತ್ತ ಸಿಗಬೇಕು, ಹೊಲಿಗೆ ಕಾಲಲ್ಲಿ ತುಳಿಯುವ ಮೆಶಿನ್ನಿನಲ್ಲೇ ಮುಗಿಯಬೇಕು. ಕೆಲಸ ಇಷ್ಟೇ. ಸಿಲಿಕೋನ್ ಪ್ಯಾಡಿಗೆ ಇದು ಪೂರ್ತಿ ಬದಲಿ ಅಲ್ಲ. ಆದರೆ ಏಪ್ರಿಲ್‌ನಲ್ಲಿ ಮನೆಯೊಳಗೇ ಬೆವರಿಳಿಯುವ ಊರಿದು. ಸಿಲಿಕೋನಿನ ಹಿಂದೆ ಬೆವರು ನಿಂತು ಚರ್ಮ ಬೆಂದಂತಾಗುತ್ತದೆ. ಮನೆಗೆಲಸದ ಹೊತ್ತಿಗೆ ಬಟ್ಟೆಯ ಪ್ಯಾಡು ಬೇಕೆನ್ನುವವರೇ ಹೆಚ್ಚು.

ಎಲ್ಲ ಮಾದರಿಗಳನ್ನೂ ಎಡಗಡೆ ತೆಗೆದ, 34 ಬಿ ಅಳತೆಯ ಮೈಗೆ ಕತ್ತರಿಸಿದ್ದು. ಬಲಗಡೆಯವರು ನಮೂನೆ ಕಾಗದವನ್ನು ಮಗುಚಿ ಹಾಕಿಕೊಂಡರೆ ಸಾಕು.

ಮೊದಲು ಟೇಪು

ಎದೆ ಸುತ್ತ ಟೇಪನ್ನು ಒಂದೇ ಸುತ್ತು ಹಾಕಿದರೆ ಲೆಕ್ಕ ಅಲ್ಲೇ ತಪ್ಪಿತು. ಒಂದು ಕಡೆ ಚಪ್ಪಟೆ ಇರುವುದರಿಂದ ಟೇಪು 84 ಸೆಂ.ಮೀ. ತೋರಿಸಿತು. ಎದೆಯ ಕೆಳಗಿನ ಸುತ್ತು 75. ವ್ಯತ್ಯಾಸ ಬರೀ 9, ಅಂದರೆ ಬ್ರಾದ ಯಾವ ಕಪ್ಪಿಗೂ (ಸ್ತನ ಕೂರುವ ಬಟ್ಟಲಿಗೂ) ಸಲ್ಲದ ಅಳತೆ. ಸರಿಯಾದ ದಾರಿ ಬೇರೆ. ಎದೆಮೂಳೆಯ ನಟ್ಟನಡುವೆ ಟೇಪಿನ ತುದಿ ಹಿಡಿದು, ಉಳಿದ ಸ್ತನದ ತುದಿಯ ಮೇಲೆ ಹಾಯಿಸಿ, ಬೆನ್ನೆಲುಬಿನ ನಡುವಿಗೆ ತರಬೇಕು. ಅದು 45 ಬಂತು, ಇಮ್ಮಡಿ ಮಾಡಿದರೆ 90. ಅದರಲ್ಲಿ 75 ಕಳೆದರೆ 15. ವ್ಯತ್ಯಾಸ 12ರಿಂದ 14 ಇದ್ದರೆ ಎ ಕಪ್ಪು, 14ರಿಂದ 16 ಬಿ, 16ರಿಂದ 18 ಸಿ, 18ರಿಂದ 20 ಡಿ. ಕೆಳಸುತ್ತು 75 ಸೆಂ.ಮೀ. ಅಂದರೆ ನಮ್ಮ ಅಂಗಡಿಗಳ 34, 80 ಅಂದರೆ 36.

ಎರಡೂ ಕಡೆ ತೆಗೆಸಿದವರಿಗೆ ಈ ಲೆಕ್ಕವೇ ಬೇಡ. ಕೆಳಸುತ್ತು ಮಾತ್ರ ನೋಡಿ, ಕಪ್ಪನ್ನು ತಮಗೆ ಬೇಕಾದಷ್ಟು ಇಟ್ಟುಕೊಳ್ಳಬಹುದು. ಮೊದಲಿಗಿಂತ ಒಂದು ಅಳತೆ ಚಿಕ್ಕದು ಇಟ್ಟುಕೊಂಡರೆ ಹೆಗಲಿಗೆ ಹಗುರ.

ಚಿಕಿತ್ಸೆ ನಡೆಯುವಾಗ ಮೈ ತೂಕ ಏರಿಳಿಯುತ್ತದೆ, ಎದೆಗೋಡೆಯಲ್ಲಿ ಬಾವೂ ಇರಬಹುದು. ಅದಕ್ಕೇ ಒಂದು ಸಲ ಬರೆದಿಟ್ಟ ಅಳತೆಯನ್ನು ವರ್ಷಗಟ್ಟಲೆ ನಂಬಬಾರದು.

ಅಂಗಡಿಯ ಬ್ರಾದಲ್ಲಿ ಏನು ನೋಡಬೇಕು

ಪ್ಯಾಡು ಎಷ್ಟೇ ಚೆನ್ನಾಗಿರಲಿ, ಬ್ರಾ ಸರಿಯಿಲ್ಲದಿದ್ದರೆ ಎಲ್ಲ ದಂಡ. ತಂತಿ ಇರುವುದನ್ನು ಮುಟ್ಟಲೇಬಾರದು. ಆಪರೇಷನ್ ಆದ ಎದೆಯಲ್ಲಿ, ಬಗಲಲ್ಲಿ, ತೋಳಿನ ಒಳಮಗ್ಗುಲಲ್ಲಿ ಸ್ಪರ್ಶ ಕಡಿಮೆ ಇರುತ್ತದೆ. ಕೆಲವರಿಗೆ ಪೂರ್ತಿ ಮರಗಟ್ಟಿರುತ್ತದೆ. ತಂತಿಯ ತುದಿ ಚುಚ್ಚಿ ಗಾಯವಾದರೂ ಗೊತ್ತಾಗುವುದಿಲ್ಲ, ರಾತ್ರಿ ಕನ್ನಡಿ ಮುಂದೆ ನಿಂತಾಗಲೇ ಕಾಣುವುದು. ಹೊಸ ಬ್ರಾ ಹಾಕಿದ ಮೊದಲ ವಾರ ದಿನಾ ಕನ್ನಡಿ ನೋಡುವುದು ಕಡ್ಡಾಯ.

ಅಚ್ಚೊತ್ತಿದ ಫೋಮ್ ಕಪ್ಪಿನ ಬ್ರಾ ಕಣ್ಣಿಗೆ ಚೆಂದ ಕಂಡರೂ ಇಲ್ಲಿ ಒಗ್ಗದು. ಆ ಕಪ್ಪಿಗೆ ತನ್ನದೇ ಆಕಾರ ಇರುತ್ತದೆ. ಒಳಗೆ ಪ್ಯಾಡು ಸೇರಿಸಿದರೆ ಎಡಗಡೆ ಬಲಗಡೆಗಿಂತ ಮುಂದೆ ಬರುತ್ತದೆ. ಮೆತ್ತನೆ ಬಟ್ಟೆಯ ಪೂರ್ತಿ ಕಪ್ಪೇ ಸರಿ. ಬಗಲ ಕೆಳಗಿನ ಪಟ್ಟಿ ಅಗಲವಿರಬೇಕು, ಹಿಂದೆ ಮೂರು ಹುಕ್ಕಿನ ಸಾಲು, ಹೆಗಲ ಪಟ್ಟಿ 2 ಸೆಂ.ಮೀ.ಗೆ ಕಡಿಮೆ ಇರಬಾರದು. ತೋಳು ಬಾವು ಬಂದವರಿಗೆ ಸಣ್ಣ ಪಟ್ಟಿ ಹೆಗಲಲ್ಲಿ ಕೊರೆದು ಗೆರೆ ಬೀಳಿಸುತ್ತದೆ. ಅವರಿಗೆ 3 ಸೆಂ.ಮೀ. ಇದ್ದರೂ ಹೆಚ್ಚಲ್ಲ. ಕೈ ಹಿಂದಕ್ಕೆ ಹೋಗದ ದಿನಗಳಲ್ಲಿ ಮುಂದೆ ಹುಕ್ಕು ಇರುವುದೇ ಅನುಕೂಲ.

ಅಂಗಡಿಯ ಟ್ರಯಲ್ ರೂಮಿನಲ್ಲಿ ನೆಟ್ಟಗೆ ನಿಂತು ನೋಡಿದರೆ ಎಲ್ಲ ಬ್ರಾಗಳೂ ಪಾಸು. ಪರೀಕ್ಷೆ ಮೂರು: ರಂಗೋಲಿ ಹಾಕುವಂತೆ ಸೊಂಟದಿಂದ ಬಗ್ಗುವುದು, ಹಗ್ಗಕ್ಕೆ ಬಟ್ಟೆ ಹಾಕುವಂತೆ ಎರಡೂ ಕೈ ಎತ್ತುವುದು, ಕೊಡ ಎತ್ತುವಂತೆ ಒಂದು ಪಕ್ಕಕ್ಕೆ ವಾಲುವುದು. ಬಗ್ಗಿದಾಗ ಕಪ್ಪಿನ ಮೇಲಂಚು ಮೈ ಬಿಟ್ಟರೆ ಪ್ಯಾಡು ಇಣುಕುತ್ತದೆ. ಆ ಅಂಚಿಗೆ 6 ಮಿ.ಮೀ. ಇಲಾಸ್ಟಿಕ್ಕನ್ನು ಒಂದಿಷ್ಟು ಎಳೆದು ಹೊಲಿದರೆ ಸರಿಹೋಗುತ್ತದೆ. ಕೈ ಎತ್ತಿದಾಗ ಕೆಳಪಟ್ಟಿಯೇ ಮೇಲೇರಿದರೆ ಹೊಲಿಗೆಯಿಂದ ಏನೂ ಆಗದು, ಒಂದು ಅಳತೆ ಬಿಗಿ ಬ್ರಾ ತರಬೇಕು.

ಮಾದರಿ 1: ಅರಳೆ

ಹತ್ತಿ ಗಿರಣಿಗಳಿಂದ ಕರ್ನಾಟಕದ ಮ್ಯಾಂಚೆಸ್ಟರ್ ಅನಿಸಿಕೊಂಡ ಊರು, ಅರಳೆ ಬಿಟ್ಟು ಇನ್ನೇನು ತುಂಬುವುದು ಅನ್ನಿಸುವುದು ಸಹಜ. ತುಂಬಿದ್ದಾಯಿತು. ಒಣಗಿದ್ದಾಗ ಮೆತ್ತಗೆ, ದುಂಡಗೆ. ಬೆವರು ಕುಡಿದ ಮೇಲೆ ತೂಕ ಏರಿತು, ಒಗೆದ ಮೇಲೆ ಒಳಗೆಲ್ಲ ಗಂಟು. ಹೊರಗೆ ಒಣಗಿದಂತೆ ಕಂಡರೂ ನಡುವೆ ಎರಡು ದಿನ ಹಸಿ ಹಾಗೇ ಇತ್ತು, ಮುಗ್ಗುಲು ವಾಸನೆ ಬೇರೆ. ಬೂರುಗದ ಹತ್ತಿ ನೀರು ಕುಡಿಯುವುದಿಲ್ಲ ನಿಜ, ಆದರೆ ಅದರ ನವಿರು ಎಳೆ ಬನಿಯನ್ ಬಟ್ಟೆಯ ಕಣ್ಣುಗಳಿಂದ ಹೊರಬಂದು ಮೈ ಕೆರೆಯುವಂತೆ ಮಾಡುತ್ತದೆ. ಹೊರಗಿನ ಬಟ್ಟೆಗೆ ಹತ್ತಿ, ಒಳಗಿನ ತುಂಬಿಗೆ ದಿಂಬಿಗೆ ಹಾಕುವ ಪಾಲಿಯೆಸ್ಟರ್ ನಾರು. ಅಲ್ಲಿಗೆ ಆ ಚರ್ಚೆ ಮುಗಿಯಿತು.

ಮಾದರಿ 2: ಆಕಾರ

ವೃತ್ತ ಕತ್ತರಿಸಿ ಒಂದು ತುಂಡು ತೆಗೆದು ಸೇರಿಸಿದರೆ ಕಪ್ಪು ಆಗುತ್ತದೆ, ಜಾತ್ರೆಯಲ್ಲಿ ಕಡಲೆಗೆ ಸುತ್ತುವ ಕಾಗದದ ಪೊಟ್ಟಣದ ಲೆಕ್ಕವೇ. ವೃತ್ತದ ತ್ರಿಜ್ಯ 9 ಸೆಂ.ಮೀ., ತೆಗೆಯುವ ಕೋನ 90 ಡಿಗ್ರಿ: ಬುಡದ ಅಗಲ 13.5, ಎತ್ತರ ಸುಮಾರು 6 ಸೆಂ.ಮೀ. ಕೋನ 60ಕ್ಕೆ ಇಳಿಸಿದರೆ ಅಗಲ 15, ಎತ್ತರ 5, ಇನ್ನೂ ಚಪ್ಪಟೆ. ತ್ರಿಜ್ಯ 10, ಕೋನ 90 ಆದರೆ ಅಗಲ 15, ಎತ್ತರ 6.6. ಹೊಲಿಗೆಗೆ ಸುತ್ತಲೂ 7 ಮಿ.ಮೀ. ಬಿಡಬೇಕು.

ತಪ್ಪು ಆದದ್ದು ಇಲ್ಲಿ. 90 ಡಿಗ್ರಿಯನ್ನು ಒಂದೇ ತುಂಡಾಗಿ ತೆಗೆದು ನಡುಬಿಂದುವಿನ ತನಕ ಹೊಲಿದಾಗ ತುದಿ ಬುಗುರಿಯ ಮೊನೆಯಂತೆ ಚೂಪಾಯಿತು. ಜಂಪರಿನ (ರವಿಕೆಯ) ಮೇಲೆ ಎದ್ದು ಕಾಣುತ್ತಿತ್ತು. ಅದನ್ನೇ 45 ಡಿಗ್ರಿಯ ಎರಡು ಡಾರ್ಟ್ (ಅಂಚು ಸೇರಿಸಿ ಹೊಲಿಯುವ ಮೂಲೆ) ಮಾಡಿ, ಒಂದನ್ನು ಕೆಳಗೆ, ಇನ್ನೊಂದನ್ನು ಬಗಲ ಕಡೆಗೆ ಇಟ್ಟು, ನಡುಬಿಂದುವಿಗೆ 1 ಸೆಂ.ಮೀ. ಮೊದಲೇ ಹೊಲಿಗೆಯನ್ನು ಬಾಗಿಸಿ ನಿಲ್ಲಿಸಿದರೆ ದುಂಡಗೆ ಬರುತ್ತದೆ. ಮೈಗೆ ತಾಗುವ ಹಿಂಬದಿ ಒಂದೇ ತುಂಡು. ಗಾಯದ ಗೆರೆಯ ಮೇಲೆ ಯಾವ ಹೊಲಿಗೆಯೂ ಹಾಯಬಾರದು.

ಬನಿಯನ್ ಬಟ್ಟೆಗೆ ದುಂಡು ಮೊನೆಯ 11 ನಂಬರ್ ಸೂಜಿ ಬೇಕು. ಮಾಮೂಲಿ ಚೂಪು ಸೂಜಿ ಎಳೆ ಕತ್ತರಿಸಿ ತೂತು ಬೀಳಿಸುತ್ತದೆ, ಹೊಲಿಗೆಯೂ ಬಿಟ್ಟುಬಿಟ್ಟು ಬೀಳುತ್ತದೆ. ತುಳಿಯುವ ಮೆಶಿನ್ನಿನಲ್ಲಿ ಜಿಗ್‌ಜಾಗ್ ಇಲ್ಲದಿದ್ದರೆ ಸಣ್ಣ ಹೊಲಿಗೆ, 2 ಮಿ.ಮೀ., ಬಟ್ಟೆಯನ್ನು ತುಸುವೇ ಎಳೆದು ಹಿಡಿದು ಹೊಲಿಯಬೇಕು. ದಾರ ಪಾಲಿಯೆಸ್ಟರ್. ಹತ್ತಿ ದಾರವಾದರೆ ಮೊದಲ ಸಲ ಹಿಗ್ಗಿದಾಗಲೇ ಪಟಕ್ಕನೆ ಹರಿಯುತ್ತದೆ.

ಮಾದರಿ 3: ತೂಕ, ಸಾಸಿವೆ

ಈ ಕೆಲಸದ ಜೀವಾಳ ಇಲ್ಲೇ ಇದೆ. ಬರೀ ನಾರು ತುಂಬಿದ ಪ್ಯಾಡು 30 ಗ್ರಾಂ ಒಳಗೇ. ಬಲಗಡೆ ತೂಕ ಬ್ರಾವನ್ನು ಕೆಳಗೆ ಎಳೆಯುತ್ತದೆ, ಎಡಗಡೆ ಎಳೆಯುವುದಕ್ಕೆ ಏನೂ ಇಲ್ಲ. ಸಂಜೆ ಹೊತ್ತಿಗೆ ಎಡಗಪ್ಪು ಎರಡು ಬೆರಳು ಮೇಲೇರಿರುತ್ತದೆ. ನೋಡಿದವರು ಆಕಾರ ಸರಿಯಿಲ್ಲ ಅನ್ನುತ್ತಾರೆ. ಕೊರತೆ ಇರುವುದು ತೂಕದಲ್ಲಿ.

ಎಷ್ಟು ತೂಕ ಅನ್ನುವುದಕ್ಕೆ ಅಡಿಗೆಮನೆಯ ದಾರಿ: ಪ್ಲಾಸ್ಟಿಕ್ ಚೀಲದಲ್ಲಿ ಅಕ್ಕಿ ತುಂಬಿ ಎಡಗಪ್ಪಿನಲ್ಲಿಟ್ಟು, ಎರಡೂ ಕಡೆ ಸಮ ಕಾಣುವ ತನಕ ಸೇರಿಸುತ್ತಾ ತೆಗೆಯುತ್ತಾ ಹೋಗಬೇಕು. ಆಮೇಲೆ ಆ ಅಕ್ಕಿಯನ್ನು ಅಳತೆ ಜಾರಿಗೆ ಸುರಿದು ಮಿಲಿಲೀಟರ್ ಓದಬೇಕು. ಅಕ್ಕಿಯನ್ನೇ ತೂಗಿದರೆ ಕಾಳಿನ ನಡುವೆ ಗಾಳಿ ಇರುವುದರಿಂದ ಕಡಿಮೆ ತೋರಿಸುತ್ತದೆ. 380 ಮಿ.ಲೀ. ಬಂದರೆ ಆ ಜಾಗಕ್ಕೆ ಸಹಜವಾದ ತೂಕ ಸುಮಾರು ಅಷ್ಟೇ ಗ್ರಾಂ. ಬಟ್ಟೆಯ ಪ್ಯಾಡಿಗೆ ಅಷ್ಟೂ ಬೇಡ. 100 ಗ್ರಾಂನಿಂದ ಶುರು ಮಾಡಿ, ಕಪ್ಪು ಮೇಲೇರುವುದು ನಿಲ್ಲುವ ತನಕ 25ರಂತೆ ಏರಿಸುವುದು.

ತೂಕಕ್ಕೆ ಕೈಗೆ ಸಿಕ್ಕಿದ್ದು ಸಾಸಿವೆ. ಸಣ್ಣ ಕಾಳು, ಒತ್ತುವುದಿಲ್ಲ, ಕೂತರೆ ನಿಂತರೆ ತಾನೇ ಹರಿದು ಹೊಂದಿಕೊಳ್ಳುತ್ತದೆ. ಒಗೆದು ಒಣಗಲು ಹಾಕಿದ ಮೂರನೇ ದಿನ ಮೊಳಕೆ! ರಾಗಿಗೂ ಅದೇ ಗತಿ. ಅಕ್ಕಿ ಹಾಕಿದರೆ ಮಳೆಗಾಲಕ್ಕೆ ಹುಳು. ಕಾಳುಕಡಿ ಯಾವುದೂ ಬೇಡ.

ಮಾದರಿ 4: ಗಾಜಿನ ಮಣಿ

ಕಸೂತಿ ಸಾಮಾನಿನ ಅಂಗಡಿಯಲ್ಲಿ ಸಿಗುವ 2 ಮಿ.ಮೀ. ಗಾಜಿನ ಮಣಿ, 110 ಗ್ರಾಂ. ಒತ್ತೊತ್ತಾಗಿ ನೇಯ್ದ ಕ್ಯಾಂಬ್ರಿಕ್ಕಿನ 7 × 8 ಸೆಂ.ಮೀ. ಚೀಲ, ಎರಡು ಸಾಲು ಹೊಲಿಗೆ. ಚೀಲವನ್ನು ಮುಕ್ಕಾಲು ಮಾತ್ರ ತುಂಬಬೇಕು. ಪೂರ್ತಿ ತುಂಬಿದರೆ ಕಲ್ಲಿನ ಹಾಗೆ ಗಟ್ಟಿಯಾಗಿ ಮೈಗೆ ಒತ್ತುತ್ತದೆ. ಪ್ಯಾಡಿನೊಳಗೆ ಅದನ್ನು ಸುಮ್ಮನೆ ಹಾಕಿಟ್ಟಾಗ ಮಧ್ಯಾಹ್ನದೊಳಗೆ ಚೀಲ ಒಂದು ಮೂಲೆಗೆ ಸರಿದು ಕಪ್ಪು ಸೊಟ್ಟಗಾಯಿತು. ಈಗ ಕೆಳಗಿನ ಮೂರನೇ ಒಂದು ಭಾಗದಲ್ಲಿ ಕೂರುವಂತೆ ಇಟ್ಟು, ಮೇಲಿನ ಎರಡು ಮೂಲೆಗಳನ್ನು ಹಿಂಬದಿ ಬಟ್ಟೆಗೆ ನಾಲ್ಕು ನಾಲ್ಕು ಟಾಕು ಹಾಕಿದೆ. ಚೀಲ ಮತ್ತು ಹಿಂಬದಿ ಬಟ್ಟೆಯ ನಡುವೆ ತೆಳು ನಾರಿನ ಒಂದು ಪದರ ಇರಲೇಬೇಕು. ನಾರು ಒಟ್ಟು 20 ಗ್ರಾಂ, ಬಟ್ಟೆ ಎಲ್ಲ ಸೇರಿ ಪ್ಯಾಡಿನ ತೂಕ 140 ಗ್ರಾಂ ಚಿಲ್ಲರೆ. ಕಪ್ಪು ಸಂಜೆಯವರೆಗೂ ಜಾಗ ಬಿಡಲಿಲ್ಲ.

ಆಪರೇಷನ್ ಆದ ಮೊದಲ ಆರೆಂಟು ವಾರ ಮಣಿಚೀಲ ಬೇಡ, ಬರೀ ನಾರಿನ ಪ್ಯಾಡು, ಅದೂ ಡಾಕ್ಟರು ಹೂಂ ಅಂದ ಮೇಲೆ. ರೇಡಿಯೇಷನ್ ನಡೆಯುವಾಗ ಚರ್ಮ ಕೆಂಪಾಗಿ ಸುಲಿಯುತ್ತಿದ್ದರೆ ಏನನ್ನೂ ಒತ್ತಿ ಕಟ್ಟದೆ ಸಡಿಲ ಹತ್ತಿ ಬನಿಯನ್ ಹಾಕಿಕೊಳ್ಳುವುದೇ ಮೇಲು.

ಕಿಸೆ

ಬ್ರಾ ಕಪ್ಪಿನ ಒಳಗೆ ಅದೇ ಆಕಾರದ ಬನಿಯನ್ ಬಟ್ಟೆ. ಕೆಳಗೆ, ನಡುವೆ, ಮೇಲೆ ಹೊಲಿಗೆ, ಬಗಲ ಕಡೆ 9 ಸೆಂ.ಮೀ. ಬಾಯಿ. ಬಾಯಿಯ ಎರಡು ಅಂಚು ದಿಂಬಿನ ಕವರಿನ ಹಾಗೆ 3 ಸೆಂ.ಮೀ. ಒಂದರ ಮೇಲೊಂದು ಬರಬೇಕು, ಇಲ್ಲದಿದ್ದರೆ ಕೈ ಎತ್ತಿದಾಗ ಪ್ಯಾಡು ಬಗಲಿಗೆ ನುಗ್ಗುತ್ತದೆ. ಕಿಸೆ ಬಟ್ಟೆಯನ್ನು ಕಪ್ಪಿಗಿಂತ ಬಿಗಿಯಾಗಿ ಹೊಲಿದರೆ ಪ್ಯಾಡು ಚಪ್ಪಟೆಯಾಗುತ್ತದೆ, ಹಿಗ್ಗಿಸದೆ ಹಾಸಿಟ್ಟೇ ಕತ್ತರಿಸಬೇಕು. ಸಿಲಿಕೋನ್ ಪ್ಯಾಡಿಗೂ ಇದೇ ಕಿಸೆ ನಡೆಯುತ್ತದೆ. ಆದರೆ ಅದನ್ನು ಪಿನ್ನು ಚುಚ್ಚಿ ನಿಲ್ಲಿಸುವ ಸಾಹಸ ಬೇಡ, ಒಂದು ತೂತು ಬಿದ್ದರೆ ಒಳಗಿನ ಅಂಟು ಜೆಲ್ ಹೊರಬರುತ್ತದೆ.

ಸೀರೆ ಉಟ್ಟಾಗ

ಸೆರಗು ಎಡ ಹೆಗಲಿಗೆ ಬೀಳುವುದರಿಂದ ಬಲಗಡೆ ಪಕ್ಕೆ ಮುಚ್ಚಿರುತ್ತದೆ, ಎಡಗಡೆ ಪಕ್ಕೆ ಬಯಲು. ಎಡಗಡೆ ತೆಗೆದವರಿಗೆ ಪ್ಯಾಡು ಮುಂದಿನಿಂದ ಸರಿ ಕಂಡರೆ ಸಾಲದು, ಪಕ್ಕದಿಂದಲೂ ಕಾಣಬೇಕು. ಅದಕ್ಕೇ ಎಡಗಡೆ ನಮೂನೆಗೆ ಬಗಲ ಕಡೆ 4 ಸೆಂ.ಮೀ. ಉದ್ದದ ಬಾಲ ಸೇರಿಸಿದೆ, ಮಾವಿನಕಾಯಿ ಮೊನೆಯ ಹಾಗೆ, ತೆಳುವಾಗಿ ತುಂಬಿ. ಕೊರಳ ಮೂಳೆಯ ಕೆಳಗೂ ತಗ್ಗು ಬಿದ್ದವರಿಗೆ ನಾರಿನ ಹಾಳೆಯ ತ್ರಿಕೋನ ಒಂದು ಪದರ ಕಿಸೆಯ ಮೇಲ್ಭಾಗದಲ್ಲಿ ಸಾಕು.

ಜಂಪರ್ ಅಳತೆಯನ್ನು ಈ ಬ್ರಾ, ಪ್ಯಾಡು ಹಾಕಿಕೊಂಡೇ ಕೊಡಬೇಕು. ಹಳೇ ಜಂಪರ್ ಕೊಟ್ಟು ಇದೇ ಅಳತೆಗೆ ಹೊಲಿಯಿರಿ ಅಂದರೆ ಎಡಗಟೋರಿ (ಜಂಪರಿನ ಎಡ ಎದೆಭಾಗ) ನೆರಿಗೆ ಬೀಳುತ್ತದೆ. ಮುಂಗೊರಳು 6 ಇಂಚಿಗಿಂತ ಆಳ ಬೇಡ.

ಒಗೆತ

ಬೋರಿನ ಗಡಸು ನೀರಲ್ಲಿ ಸೋಪು ನೊರೆ ಬರದೆ ಬಿಳಿ ಕೆನೆಯಾಗಿ ಬಟ್ಟೆಗೆ ಹಿಡಿಯುತ್ತದೆ. ನಾಲ್ಕು ಒಗೆತಕ್ಕೆ ಕಿಸೆ ಒರಟಾಯಿತು. ದ್ರವ ಸೋಪು ಸ್ವಲ್ಪವೇ, ಜಾಲಿಸುವುದು ಮೂರು ಸಲ. ಹಿಂಡಬಾರದು, ಟವೆಲಿನಲ್ಲಿ ಸುತ್ತಿ ಒತ್ತಿ ನೆರಳಿಗೆ ಹಾಕುವುದು.

ಮಾದರಿ 5ಕ್ಕೆ ಬಟ್ಟೆ ಕತ್ತರಿಸಿ ಇಟ್ಟಾಗಿದೆ: 36 ಸಿ, ಬಲಗಡೆ, ತ್ರಿಜ್ಯ 10. ಹಿಂಬದಿಯಲ್ಲಿ 5 ಸೆಂ.ಮೀ. ಸೀಳು ಬಿಟ್ಟು, ಒಗೆಯುವ ಮೊದಲು ಮಣಿಚೀಲ ತೆಗೆದಿಡಲು ಬರುವ ಹಾಗೆ ಮಾಡಬೇಕಿದೆ. ಸೀಳಿನ ಅಂಚು ಗಾಯದ ಗೆರೆಗೆ ತಾಗದಂತೆ ಎಲ್ಲಿ ಇಡುವುದು ಅನ್ನುವುದೊಂದೇ ಇನ್ನೂ ಕೂಡಿ ಬಂದಿಲ್ಲ. ಕೆಳ ಅಂಚಿಗೆ ಅಂಟಿದಂತೆ ಇಟ್ಟು ಮೊದಲು ನೋಡುವುದು.