ಕಿಯಾಂಟಿಗೆ ನವೆಂಬರಿನಲ್ಲಿ ಹೋಗಿ

ಕಿಯಾಂಟಿ ಎಂದರೆ ಇಟಲಿಯ ಟಸ್ಕನಿ ಪ್ರಾಂತ್ಯದ ಗುಡ್ಡನಾಡು. ಫ್ಲಾರೆನ್ಸ್‌ನಿಂದ ಸಿಯೆನಾ ಕಡೆಗೆ ಹೊರಟ ಎಸ್‌ಆರ್ 222 ರಸ್ತೆ ಗ್ರೇವೆ ಊರು ದಾಟುತ್ತಿದ್ದಂತೆ ಗುಡ್ಡ ಏರತೊಡಗುತ್ತದೆ. ಅಲ್ಲಿಂದ ಕವಲೊಡೆಯುವ ಬಿಳಿ ಜಲ್ಲಿ ದಾರಿಗಳ ತುದಿಯಲ್ಲಿ ದ್ರಾಕ್ಷಿ, ಆಲಿವ್ ಎರಡನ್ನೂ ಬೆಳೆಯುವ ಮನೆತನದ ತೋಟಗಳಿವೆ. ಪ್ರವಾಸಿಗರು ಮುಗಿಬೀಳುವುದು ಸೆಪ್ಟೆಂಬರಿನ ದ್ರಾಕ್ಷಿ ಕೊಯ್ಲಿಗೆ. ಆದರೆ ಆ ಹಣ್ಣಿನ ಕಿಯಾಂಟಿ ಕ್ಲಾಸಿಕೊ ವೈನ್ ಮರುವರ್ಷದ ಅಕ್ಟೋಬರ್ 1ಕ್ಕಿಂತ ಮೊದಲು ಮಾರಾಟಕ್ಕೆ ಬರುವಂತಿಲ್ಲ. ಯಾವ ತಿಂಗಳು ಹೋದರೂ ಲೋಟಕ್ಕೆ ಬೀಳುವುದು ಹಳೆಯದೇ. ಆಲಿವ್ ಎಣ್ಣೆ ಹಾಗಲ್ಲ, ಗಾಣದಿಂದ ಇಳಿದ ವಾರದ ರುಚಿ ಆಮೇಲೆ ಸಿಗದು. ನವೆಂಬರಿನ ಮೊದಲ ಎರಡು ವಾರವೇ ಸರಿ. ಮಳೆಗೆ ಸಿದ್ಧರಾಗಿ ಹೋಗಬೇಕು, ಅಷ್ಟೇ.

ತೋಟದಲ್ಲಿ ಮೊದಲು ಮರದ ಬುಡ ನೋಡಿ. ಒಂದೇ ಬೊಡ್ಡೆಯ ಸುತ್ತ ಮೂರು ನಾಲ್ಕು ಕಾಂಡ ಎದ್ದಿರುತ್ತವೆ. 1985ರ ಜನವರಿಯ ಕಡು ಚಳಿಗೆ ಟಸ್ಕನಿಯ ಬಹುಪಾಲು ಆಲಿವ್ ಮರಗಳು ಕರಟಿಹೋದವು. ಬೊಡ್ಡೆ ಮಟ್ಟಕ್ಕೆ ಕಡಿದ ಮೇಲೆ ಚಿಗುರಿಕೊಂಡವು ಇವು.

ಕಾಯಿ ಅರ್ಧ ಹಸಿರು, ಅರ್ಧ ನೇರಳೆ ಇರುವಾಗಲೇ ಕೆಳಗೆ ಬಲೆ ಹಾಸಿ, ಬಾಚಣಿಗೆಯಂಥ ಕೈಸಾಧನದಿಂದ ಉದುರಿಸುತ್ತಾರೆ. ತುಂಬುವುದು ತೂತಿರುವ ಕ್ರೇಟಿಗೆ, ಚೀಲಕ್ಕಲ್ಲ; ರಾಶಿ ಬಿದ್ದ ಕಾಯಿ ಬಿಸಿಯೇರಿ ಹುಳಿತರೆ ಎಣ್ಣೆಗೆ ಮುಗ್ಗಲು ವಾಸನೆ. 24 ಗಂಟೆಯೊಳಗೆ ಗಾಣ ಸೇರಬೇಕು. ಅಲ್ಲಿ ಎಲೆ ಊದಿ, ತೊಳೆದು, ಬೀಜಸಮೇತ ಅರೆದು, ಆ ಹಿಟ್ಟನ್ನು ಸುಮಾರು ಅರ್ಧ ಗಂಟೆ ಕಲಸುತ್ತಾರೆ. ಉಷ್ಣಾಂಶದ ಮೀಟರ್ ಮೇಲೆ ಕಣ್ಣಿಡಿ: 27 ಡಿಗ್ರಿ ದಾಟಿಸಿದರೆ ಎಣ್ಣೆ ಹೆಚ್ಚು ಬಿಡುತ್ತದೆ, ಪರಿಮಳ ಹೋಗುತ್ತದೆ. ನೂರು ಕಿಲೋ ಕಾಯಿಗೆ 12ರಿಂದ 15 ಕಿಲೋ ಎಣ್ಣೆ ಸಿಕ್ಕರೆ ಸಮಾಧಾನ. ಸುಟ್ಟ ಸಪ್ಪೆ ಬ್ರೆಡ್ಡಿಗೆ ಬೆಳ್ಳುಳ್ಳಿ ಉಜ್ಜಿ, ಮೇಲೆ ಧಾರಾಳವಾಗಿ ಸುರಿದು ಕೊಡುತ್ತಾರೆ. ಗಂಟಲು ಕೆರೆದು ಕೆಮ್ಮು ಬಂದರೆ ಗಾಬರಿ ಬೇಡ, ತಾಜಾ ಎಣ್ಣೆಯ ಲಕ್ಷಣವೇ ಅದು.

ಎಲ್ಲ ವರ್ಷವೂ ಹೀಗಿರುವುದಿಲ್ಲ. ಬೇಸಿಗೆ ತಂಪಾಗಿ ತೇವವಿದ್ದರೆ ಆಲಿವ್ ನೊಣ ಕಾಯೊಳಗೆ ಮೊಟ್ಟೆಯಿಟ್ಟು ಬೆಳೆ ಕೆಡಿಸುತ್ತದೆ. 2014ರಲ್ಲಿ ಅನೇಕ ತೋಟಗಳು ಗಾಣದ ಮುಖವನ್ನೇ ನೋಡಲಿಲ್ಲ. ಹೊರಡುವ ಮೊದಲು ಈಮೇಲ್‌ನಲ್ಲಿ ವಿಚಾರಿಸಿ. ಹೇಳದೆ ಹೋದವರಿಗೆ ಇಲ್ಲಿ ಬಾಗಿಲು ತೆರೆಯುವುದು ಅಪರೂಪ.

ವೈನ್ ವಿಷಯ ಚಿಕ್ಕದು. ಬಾಟಲಿಯ ಮೇಲೆ ಕಿಯಾಂಟಿ ಕ್ಲಾಸಿಕೊದ ಗುರುತಾದ ಕಪ್ಪು ಹುಂಜವಿದ್ದರೆ ಕನಿಷ್ಠ 80 ಶೇಕಡ ಸಾಂಜೊವೇಸೆ ದ್ರಾಕ್ಷಿ. ಕಾರು ಓಡಿಸುವವರು ರುಚಿ ನೋಡಿ ಉಗುಳಬೇಕು, ಯಾರೂ ತಪ್ಪು ತಿಳಿಯುವುದಿಲ್ಲ. ರಕ್ತದಲ್ಲಿ ಮದ್ಯದ ಮಿತಿ ಲೀಟರಿಗೆ 0.5 ಗ್ರಾಂ. ಭಾರತದ ಲೈಸೆನ್ಸಿನ ಜೊತೆ ಅಂತರರಾಷ್ಟ್ರೀಯ ಪರ್ಮಿಟ್ಟೂ ಇರಲಿ.

ಎಣ್ಣೆಯನ್ನು ತಗಡಿನ ಡಬ್ಬಿಯಲ್ಲೇ ಕೊಂಡು ಚೆಕ್‌ಇನ್ ಸಾಮಾನಿಗೆ ಹಾಕಿ. ಸೋಸದ ಎಣ್ಣೆಯಾದರೆ ಕೆಲವು ತಿಂಗಳಲ್ಲಿ ತಳದಲ್ಲಿ ಗಷ್ಟು ನಿಲ್ಲುತ್ತದೆ. ತಿಳಿಯನ್ನು ಬೇರೆ ಪಾತ್ರೆಗೆ ಬಗ್ಗಿಸಿಕೊಳ್ಳದಿದ್ದರೆ ಆ ಗಷ್ಟು ಕೊಳೆತು ಡಬ್ಬಿಯಷ್ಟೂ ನಾರುತ್ತದೆ.